ಹನ್ನೊಂದೋ, ಹದಿನಾಲ್ಕೋ? ಪ್ವಾರೋ ಕತೆಗಳ ಲೆಕ್ಕ

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: "ಅಗಾಥಾ ಕ್ರಿಸ್ಟಿಯವರ ಪತ್ತೇದಾರ ಪ್ವಾರೋನ ಕತೆಗಳ ಸಂಕಲನ ‘ಪ್ವಾರೋ ಇನ್ವೆಸ್ಟಿಗೇಟ್ಸ್’ನ ನನ್ನ ಪ್ರತಿಯಲ್ಲಿ 11 ಕತೆಗಳಿವೆ, ಅಮೆರಿಕದಲ್ಲಿರುವ ಭಾವನ ಪ್ರತಿಯಲ್ಲಿ 14. ಯಾವುದು ಪೂರ್ತಿ ಪುಸ್ತಕ? ಟಿವಿ ಸರಣಿ ನೋಡಿದರೆ ಕತೆಗಳೇ ಬೇರೆ. ‘ಮಿಸ್ಸಿಂಗ್ ವಿಲ್’ನಂಥ, ಪುಸ್ತಕದಲ್ಲಿ ಕೊಲೆಯೇ ಇಲ್ಲದ ಕಡೆ ಅಲ್ಲಿ ಕೊಲೆಯಾಗಿದೆ. ನಮ್ಮ ಹವ್ಯಾಸಿ ತಂಡ ಒಂದು ಕತೆಯನ್ನು ಕನ್ನಡದಲ್ಲಿ ಅರ್ಧ ಗಂಟೆಯ ನಾಟಕ ಮಾಡಬೇಕೆಂದಿದೆ. ಯಾವುದು ಒಗ್ಗುತ್ತದೆ? ಅನುಮತಿ ಬೇಕೆ?"

ಮಾನ್ಯರೇ,

ಮೊದಲು ಲೆಕ್ಕ ಚುಕ್ತಾ ಮಾಡೋಣ. ನಿಮ್ಮ ಪ್ರತಿಯಿಂದ ಹಾಳೆ ಕಿತ್ತುಹೋಗಿಲ್ಲ. 1924ರಲ್ಲಿ ಲಂಡನ್ನಿನ ಬಾಡ್ಲಿ ಹೆಡ್ ಈ ಸಂಕಲನ ತಂದಾಗ ಇದ್ದದ್ದೇ 11 ಕತೆ. ಮರುವರ್ಷ ಅಮೆರಿಕದ ಡಾಡ್ ಮೀಡ್ ಅದಕ್ಕೆ ‘ದಿ ಚಾಕಲೇಟ್ ಬಾಕ್ಸ್’, ‘ದಿ ವೇಲ್ಡ್ ಲೇಡಿ’, ‘ದಿ ಲಾಸ್ಟ್ ಮೈನ್’ ಎಂಬ ಮೂರನ್ನು ಸೇರಿಸಿ 14 ಮಾಡಿತು. ಬ್ರಿಟನ್ನಿನ ಓದುಗರಿಗೆ ಆ ಮೂರೂ ಪುಸ್ತಕರೂಪದಲ್ಲಿ ಒಟ್ಟಿಗೆ ಸಿಕ್ಕಿದ್ದು 1974ರ ‘ಪ್ವಾರೋಸ್ ಅರ್ಲಿ ಕೇಸಸ್’ನಲ್ಲಿ, ಅರ್ಧ ಶತಮಾನ ಕಳೆದ ಮೇಲೆ. ಆ 18 ಕತೆಗಳ ಸಂಕಲನ ನಿಮ್ಮ ಹತ್ತಿರವಿದ್ದರೆ ಭಾವನ ಪ್ರತಿಗೆ ಆಸೆಪಡಬೇಕಾಗಿಲ್ಲ.

ಎರಡೂ ಪುಸ್ತಕಗಳ ಮೂಲ ಬಹುಪಾಲು ಒಂದೇ: 1923ರಲ್ಲಿ ‘ದಿ ಸ್ಕೆಚ್’ ಪತ್ರಿಕೆಯಲ್ಲಿ, ಅದರ ಸಂಪಾದಕ ಬ್ರೂಸ್ ಇಂಗ್ರಾಮ್ ಕೇಳಿ ಬರೆಸಿದ ಕತೆಗಳು. (ಲೇಖಕರ ಬೆನ್ನು ಹತ್ತುವ ಸಂಪಾದಕರನ್ನು ಯಾರೂ ನೆನೆಯುವುದಿಲ್ಲ, ಇರಲಿ.) ವಾರಪತ್ರಿಕೆಯ ಕತೆಗಳೆಂಬುದು ಓದುವಾಗ ನೆನಪಿರಲಿ. ಈಜಿಪ್ಟಿನ ಗೋರಿಯ ಕತೆಯನ್ನೇ ನೋಡಿ. 1922ರ ನವೆಂಬರಿನಲ್ಲಿ ಟುಟಂಖಾಮನ್‌ನ ಗೋರಿ ಸಿಕ್ಕಿತು, 1923ರ ಏಪ್ರಿಲ್‌ನಲ್ಲಿ ಅದಕ್ಕೆ ಹಣ ಹೂಡಿದ್ದ ಲಾರ್ಡ್ ಕಾರ್ನಾರ್ವನ್ ತೀರಿಕೊಂಡ, ‘ಶಾಪ’ದ ಸುದ್ದಿ ಊರೆಲ್ಲ ಹಬ್ಬಿತು. ಅದೇ ವರ್ಷ ಕ್ರಿಸ್ಟಿಯ ಕತೆ ಅಚ್ಚಾಯಿತು. ಪತ್ರಿಕೆಯ ಬಿಸಿ ಆರುವ ಮುನ್ನವೇ ಬಡಿಸಿದ ಅಡುಗೆ ಅದು.

ಓದುವ ಕ್ರಮದಲ್ಲಿ ಒಂದು ಗೋಜಲಿದೆ. 1923ರ ಕಾದಂಬರಿ ‘ಮರ್ಡರ್ ಆನ್ ದಿ ಲಿಂಕ್ಸ್’ನ ಕೊನೆಗೆ ಪ್ವಾರೋನ ಗೆಳೆಯ ಹೇಸ್ಟಿಂಗ್ಸ್‌ಗೆ ಹೆಣ್ಣು ಗೊತ್ತಾಗುತ್ತದೆ. 1924ರ ಈ ಸಂಕಲನದಲ್ಲಿ ನೋಡಿದರೆ ಆಸಾಮಿ ಮತ್ತೆ ಬ್ರಹ್ಮಚಾರಿ, ಪ್ವಾರೋ ಜತೆ ಒಂದೇ ಬಿಡಾರದಲ್ಲಿ. ಆದ್ದರಿಂದ ಮೊದಲು 1920ರ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’, ಆಮೇಲೆ ಈ ಕತೆಗಳು, ಆಮೇಲೆ ‘ಲಿಂಕ್ಸ್’ ಓದಿ. ಅಚ್ಚಾದ ಕ್ರಮ ತಪ್ಪಿದರೂ ಹೇಸ್ಟಿಂಗ್ಸ್‌ನ ಬದುಕಿನ ಕ್ರಮ ಸರಿಹೋಗುತ್ತದೆ.

ಇನ್ನು ಟಿವಿ. ಡೇವಿಡ್ ಸೂಶೆ ಪ್ವಾರೋ ಆಗಿ ನಟಿಸಿದ ಐಟಿವಿ ಸರಣಿ 1989ರಿಂದ 2013ರವರೆಗೆ 70 ಕಂತು ನಡೆಯಿತು. ನಿಮ್ಮ ಭಾವನ ಪ್ರತಿಯ 14 ಕತೆಗಳೂ ಅದರಲ್ಲಿವೆ: 1990ರಲ್ಲಿ ಆರು, 1991ರಲ್ಲಿ ಮೂರು, 1993ರಲ್ಲಿ ಐದು. ಒಂದನ್ನೂ ಬಿಟ್ಟಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಈ ಕತೆಗಳು ಸುಮಾರು ಹತ್ತಿಪ್ಪತ್ತು ಪುಟದವು. ಒಬ್ಬರು ಬಂದು ಅಹವಾಲು ಹೇಳಿಕೊಳ್ಳುತ್ತಾರೆ, ಪ್ವಾರೋ ಎರಡು ಕಡೆ ಹೋಗಿ ಬರುತ್ತಾನೆ, ಬಿಡಿಸುತ್ತಾನೆ. ಇದ್ದದ್ದನ್ನು ಇದ್ದಂತೆ ಆಡಿದರೆ ಇಪ್ಪತ್ತು ನಿಮಿಷವೂ ತುಂಬುವುದಿಲ್ಲ, ಕಂತಿಗೆ ಬೇಕಾದದ್ದು ಐವತ್ತು ನಿಮಿಷ. ಉಳಿದದ್ದಕ್ಕೆ ನೀರು ಬೆರೆಸಬೇಕು. ಚೆನ್ನಾಗಿ ಬೆರೆಸಿದ್ದಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಕೆಲವು ಕಡೆ ಸೊಗಸಾಗಿ ಬೆರೆಸಿದ್ದಾರೆ. ‘ಲಾಸ್ಟ್ ಮೈನ್’ ಕತೆಯಲ್ಲಿ ಪ್ವಾರೋ ತನ್ನ ಬ್ಯಾಂಕ್ ಖಾತೆಯಲ್ಲಿ ಯಾವಾಗಲೂ 444 ಪೌಂಡ್, 4 ಶಿಲ್ಲಿಂಗ್, 4 ಪೆನ್ಸ್ ಇರುತ್ತದೆಂದು ಬೀಗುತ್ತಾನೆ. ಅದು ಬರೀ ಮುನ್ನುಡಿ. ಟಿವಿಯವರು ಅದೇ ಎಳೆ ಹಿಡಿದು ಖಾತೆಯನ್ನೇ ಬರಿದು ಮಾಡಿ, ಹೇಸ್ಟಿಂಗ್ಸ್ ಜತೆ ಮೊನಾಪಲಿ ಆಟಕ್ಕೆ ಕೂರಿಸಿದರು. ದುಡ್ಡಿನ ಕತೆಗೆ ದುಡ್ಡಿನ ಆಟ. ಸರಣಿಯ ಕಾಲವನ್ನು 1930ರ ದಶಕದ ನಡುವಿಗೆ ತಂದದ್ದರಿಂದ ಆ ಆಟ ಅಲ್ಲಿ ಸಲ್ಲುತ್ತದೆ, 1923ರಲ್ಲಿ ಸಲ್ಲುತ್ತಿರಲಿಲ್ಲ. ‘ಮಿಲಿಯನ್ ಡಾಲರ್ ಬಾಂಡ್’ ಕತೆಯಲ್ಲಿ ಹಡಗಿನೊಳಗಿನ ಕಳವನ್ನು ಪ್ವಾರೋ ಸಮುದ್ರಕ್ಕಿಳಿಯದೆಯೇ ಬಿಡಿಸುತ್ತಾನೆ. ಟಿವಿಯಲ್ಲಿ ಅವನನ್ನು ಕ್ವೀನ್ ಮೇರಿ ಹಡಗಿನ ಮೊದಲ ಯಾನಕ್ಕೆ ಹತ್ತಿಸಿ, ಅವನಿಗೆ ಬರಬೇಕಾದ ಕಡಲ ವಾಕರಿಕೆಯನ್ನು ಹೇಸ್ಟಿಂಗ್ಸ್‌ಗೆ ಅಂಟಿಸಿದ್ದಾರೆ. ‘ಮಾರ್ಸ್ಡನ್ ಮ್ಯಾನರ್’ಗೆ ಮೇಣದ ಬೊಂಬೆಗಳ ಪ್ರದರ್ಶನ ತಂದು, ಪ್ವಾರೋ ತನ್ನದೇ ಬೊಂಬೆಯ ಮುಂದೆ ನಿಲ್ಲುವಂತೆ ಮಾಡಿದ್ದಾರೆ. ಪುಸ್ತಕದಲ್ಲಿ ಮಿಸ್ ಲೆಮನ್ ಎಂಬ ಕಾರ್ಯದರ್ಶಿಯೇ ಇಲ್ಲ, ಪೊಲೀಸ್ ಅಧಿಕಾರಿ ಜ್ಯಾಪ್ ಬರುವುದೂ ಕೆಲವೇ ಕತೆಗಳಲ್ಲಿ. ಟಿವಿಯಲ್ಲಿ ಅವರದು ಮನೆಮಂದಿಯ ಪಾತ್ರ, ಏಕೆಂದರೆ ವಾರವಾರ ನೋಡುವವರಿಗೆ ಒಗಟಿಗಿಂತ ಒಡನಾಟ ಮುಖ್ಯ.

ನೀವು ಹೇಳಿದ ‘ಮಿಸ್ಸಿಂಗ್ ವಿಲ್’ ವಿಷಯ ಬೇರೆ. ಕತೆಯಲ್ಲಿ ಹೆಣ್ಣುಮಕ್ಕಳ ಓದನ್ನು ಒಪ್ಪದ ಮುದುಕನೊಬ್ಬ ಸಾಯುವ ಮುನ್ನ ಓದಿದ ಸೊಸೆಯ, ಅಂದರೆ ಒಡಹುಟ್ಟಿದವರ ಮಗಳ, ಜಾಣ್ಮೆಗೆ ಸವಾಲೆಸೆಯುತ್ತಾನೆ: ಗೊತ್ತಾದ ಅವಧಿಯೊಳಗೆ ಬುದ್ಧಿ ತೋರಿಸು, ಇಲ್ಲವಾದರೆ ಆಸ್ತಿ ಧರ್ಮಸಂಸ್ಥೆಗಳಿಗೆ. ಕೊಲೆಯಿಲ್ಲ, ಅಪರಾಧವೂ ಇಲ್ಲ. ಸತ್ತವನಿಗೂ ಬದುಕಿರುವವಳಿಗೂ ನಡುವೆ ಚದುರಂಗ. ಆಕೆ ಪ್ವಾರೋ ಹತ್ತಿರ ಬಂದದ್ದೇ ಆಕೆಯ ಜಾಣ್ಮೆ ಎಂಬ ವಾದ ಇಡೀ ಕತೆಯ ಜೀವ. ಟಿವಿಯವರು ಅಲ್ಲಿ ಮುದುಕನನ್ನು ಕೊಲ್ಲಿಸಿ ಮಾಮೂಲಿ ಕೊಲೆಗಾರನ ಹುಡುಕಾಟ ಮಾಡಿದರು. ನೋಡಿಸಿಕೊಂಡು ಹೋಗುತ್ತದೆ, ಆದರೆ ಅದು ಆ ಕತೆಯಲ್ಲ. ಹದಿನಾಲ್ಕರಲ್ಲಿ ನನ್ನ ಮಟ್ಟಿಗೆ ಕೆಟ್ಟ ರೂಪಾಂತರ ಇದೊಂದೇ.

ನಾಟಕ ಬರೆಯುವ ನೀವು ಇಲ್ಲಿ ಗಮನಿಸಬೇಕಾದದ್ದಿದೆ. ಈ ಕತೆಗಳನ್ನೆಲ್ಲ ಹೇಳುವವನು ಹೇಸ್ಟಿಂಗ್ಸ್. ಅವನು ಸುಳಿವನ್ನು ನೋಡುತ್ತಾನೆ, ನಮಗೆ ಹೇಳಿಯೂ ಬಿಡುತ್ತಾನೆ, ಆದರೆ ಅರ್ಧ ವಾಕ್ಯದಲ್ಲಿ, ಬೇರೆ ಏನನ್ನೋ ಹೇಳುವ ಭರದಲ್ಲಿ. ‘ಚಾಕಲೇಟ್ ಬಾಕ್ಸ್’ನಲ್ಲಿ ಮಾತ್ರ ಪ್ವಾರೋ ತಾನೇ ತನ್ನ ಸೋಲಿನ ಕತೆ ಹೇಳುತ್ತಾನೆ, ಅಲ್ಲಿ ಡಬ್ಬಿಗೂ ಮುಚ್ಚಳಕ್ಕೂ ಬಣ್ಣ ಹೊಂದುವುದಿಲ್ಲವೆಂಬುದು ಒಂದು ಮಾತಿನಲ್ಲಿ ಬಂದು ಹೋಗುತ್ತದೆ. ಓದುವವನ ಕಣ್ಣು ಅದರ ಮೇಲೆ ಜಾರುತ್ತದೆ. ಅದನ್ನೇ ಕ್ಯಾಮೆರಾ ಹತ್ತಿರದಿಂದ ತೋರಿಸಿದರೆ ಸುಳಿವು ಡಂಗುರ ಸಾರಿದಂತೆ. ದೂರದಿಂದ ತೋರಿಸಿದರೆ ಕಾಣುವುದೇ ಇಲ್ಲ. ರಂಗದ ಮೇಲೆ ಇನ್ನೂ ಕಷ್ಟ, ಹಿಂದಿನ ಸಾಲಿನವರಿಗೆ ಡಬ್ಬಿಯೇ ಕಾಣದು. ಹಾಗಾಗಿ ವಸ್ತುವಿನಲ್ಲಿ ಸುಳಿವಿರುವ ಕತೆ ಬೇಡ, ಮಾತಿನಲ್ಲಿ ಸುಳಿವಿರುವ ಕತೆ ಆರಿಸಿ.

ಅಂಥದ್ದು ‘ದಿ ಡಿಸಪಿಯರೆನ್ಸ್ ಆಫ್ ಮಿಸ್ಟರ್ ಡೇವನ್‌ಹೈಮ್’. ಶನಿವಾರ ಕಾಗದ ಅಂಚೆಗೆ ಹಾಕಿ ಬರುತ್ತೇನೆಂದು ಹೊರಟ ಬ್ಯಾಂಕಿನ ಒಡೆಯ ಮರಳಿ ಬರುವುದಿಲ್ಲ. ಕುರ್ಚಿ ಬಿಟ್ಟೇಳದೆ ವಾರದೊಳಗೆ ಇದನ್ನು ಬಿಡಿಸುತ್ತೇನೆಂದು ಪ್ವಾರೋ ಜ್ಯಾಪ್‌ನೊಡನೆ 5 ಪೌಂಡ್ ಬಾಜಿ ಕಟ್ಟುತ್ತಾನೆ. ಮೂರೇ ಪಾತ್ರ, ಒಂದೇ ಕೋಣೆ, ಹೊರಗಿನದೆಲ್ಲ ಜ್ಯಾಪ್ ತರುವ ವರದಿ. 1962ರಲ್ಲಿ ಅಮೆರಿಕದ ಟಿವಿಯವರು ಮಾರ್ಟಿನ್ ಗೇಬಲ್‌ನನ್ನು ಪ್ವಾರೋ ಮಾಡಿ ಒಂದು ಕಂತು ತೆಗೆದು ನೋಡಿದಾಗ ಆರಿಸಿದ್ದೂ ಇದನ್ನೇ.

ಮೂರು ದೃಶ್ಯ ಮಾಡಿ: ಬಾಜಿ, ನಡುವಿನ ವರದಿ, ಒಗಟಿನ ಉತ್ತರ. ಟೈಪು ಮಾಡಿದ ಪುಟಕ್ಕೆ ಸುಮಾರು ಒಂದು ನಿಮಿಷವೆಂದು ಹಿಡಿದರೆ 28 ಪುಟಕ್ಕೆ ನಿಲ್ಲಿಸಿ, ಎರಡು ನಿಮಿಷ ದೃಶ್ಯಗಳ ನಡುವೆ ಹೋಗುತ್ತದೆ. ವರದಿಗಳನ್ನು ಫ್ಲ್ಯಾಷ್‌ಬ್ಯಾಕ್ ಮಾಡುವ ಆಸೆ ಬರುತ್ತದೆ, ಬಿಟ್ಟುಬಿಡಿ. ಕೊಳ, ತಿಜೋರಿ, ಗಿರವಿ ಅಂಗಡಿ ಎಲ್ಲವನ್ನೂ ತೋರಿಸಿದರೆ ಕುರ್ಚಿಯಲ್ಲಿ ಕೂತವನ ಹೆಚ್ಚುಗಾರಿಕೆ ಏನುಳಿಯಿತು? ಸೂಶೆ ಕಂತಿನಲ್ಲಿ ಒಂದು ಗಿಳಿಯೂ ಬರುತ್ತದೆ; ಇಂಗ್ಲಿಷಿನಲ್ಲಿ ‘ಪ್ಯಾರಟ್’ಗೂ ಪ್ವಾರೋಗೂ ಇರುವ ಉಚ್ಚಾರದ ನಂಟಿನ ತಮಾಷೆ ಅದು. ಕನ್ನಡದಲ್ಲಿ ಗಿಳಿ ಬರೀ ಗಿಳಿ.

ಕತೆಯನ್ನು ನಮ್ಮೂರಿಗೆ ತರಬಹುದೇ? ಬ್ಯಾಂಕು, ಗಿರವಿ ಅಂಗಡಿ, ಪೊಲೀಸು ಎಲ್ಲ ಬರುತ್ತವೆ. ಕೆಡುವುದು ಒಂದೇ ಕಡೆ. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರೇ ಎಂದು ಪ್ವಾರೋ ಕೇಳುತ್ತಾನೆ. ಬೇರೆ ಬೇರೆ ಕೋಣೆ ಅಂದಿನ ಇಂಗ್ಲಿಷ್ ಸಿರಿವಂತರಲ್ಲಿ ಸಾಮಾನ್ಯ, ಹಾಗಾಗಿ ಆ ಉತ್ತರವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನಮ್ಮ ಮನೆಯ ಕತೆಯಾದರೆ ಅಷ್ಟು ಕೇಳಿದ್ದೇ ಪ್ರೇಕ್ಷಕರು ನೆಟ್ಟಗೆ ಕೂರುತ್ತಾರೆ, ಅರ್ಧ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಲಂಡನ್ನಿನಲ್ಲೇ ಇರಲಿ ಎಂಬುದು ನನ್ನ ಸಲಹೆ. ಪ್ವಾರೋನ ಫ್ರೆಂಚ್ ಮಾತು ‘ಮೋನ್ ಅಮಿ’ಯನ್ನು ‘ನನ್ನ ಗೆಳೆಯನೇ’ ಮಾಡಲೂ ಹೋಗಬೇಡಿ, ಅದು ಹೇಸ್ಟಿಂಗ್ಸ್‌ಗೂ ಪರಭಾಷೆಯೇ. ಹೆಸರನ್ನು ಮಾತ್ರ ‘ಪಾಯ್ರಾಟ್’ ಎನ್ನದಂತೆ ನಟರಿಗೆ ಮೊದಲ ದಿನವೇ ಹೇಳಿ.

ಅನುಮತಿ ಬೇಕು. ಕ್ರಿಸ್ಟಿ ತೀರಿಕೊಂಡದ್ದು 1976ರ ಜನವರಿ 12ರಂದು. ನಮ್ಮ ಕಾಯ್ದೆಯಂತೆ ಲೇಖಕರು ಸತ್ತ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2036ರ ಕೊನೆಯವರೆಗೆ. ಅಮೆರಿಕದಲ್ಲಿ ಈ ಪುಸ್ತಕದ ಹಕ್ಕು ಮುಗಿದಿರುವುದರಿಂದ ಅಲ್ಲಿನ ಜಾಲತಾಣಗಳಲ್ಲಿ ಬಿಟ್ಟಿ ಸಿಗುತ್ತದೆ. ಅಲ್ಲಿ ಮುಕ್ತವಾದದ್ದು ಇಲ್ಲಿ ಮುಕ್ತವಲ್ಲ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಪ್ರದರ್ಶಿಸಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ. ಆದರೆ ಅದು ಪ್ರದರ್ಶನದ ಮಾತು. ಅನುವಾದ, ರೂಪಾಂತರ ಬೇರೆಯೇ ಹಕ್ಕುಗಳು. ಟಿವಿಯವರು ಸೇರಿಸಿದ ಪ್ರಸಂಗಗಳು ಅವರ ಸ್ವತ್ತು, ಅವನ್ನಂತೂ ಮುಟ್ಟಬೇಡಿ. ಲಂಡನ್ನಿನ ಅಗಾಥಾ ಕ್ರಿಸ್ಟಿ ಲಿಮಿಟೆಡ್‌ಗೆ ಬರೆಯುವಾಗ ಕತೆಯ ಹೆಸರು, ಭಾಷೆ, ಅವಧಿ, ಎಷ್ಟು ಪ್ರದರ್ಶನ, ಎಷ್ಟು ಆಸನ, ಟಿಕೆಟ್ ದರ ಇಷ್ಟನ್ನೂ ಮೊದಲ ಪತ್ರದಲ್ಲೇ ಕೊಡಿ. ಉತ್ತರ ಕೈಗೆ ಬರುವವರೆಗೆ ಸಭಾಂಗಣಕ್ಕೆ ಮುಂಗಡ ಕೊಡಬೇಡಿ.

— ಸಂಪಾದಕ