ಹಗುರ ಸ್ಟೌ ಆಮೇಲೆ ನೋಡೋಣ, ಗ್ಯಾಸ್ ಎಲ್ಲಿ ಸಿಗುತ್ತೆ ಹೇಳಿ

ಹಿಮಾಲಯದಲ್ಲಿ ಮನಾಲಿ ಹತ್ತಿರದ ಕಣಿವೆದಾರಿ ಹಂಪ್ಟಾ ಪಾಸ್‌ಗೆ ಇಬ್ಬರೇ ಚಾರಣ ಹೋಗುತ್ತಿದ್ದೇವೆ, ಅಡುಗೆ ನಮ್ಮದೇ, 25 ಗ್ರಾಂನ ಸ್ಟೌ ತಗೊಳ್ಳಲಾ 80 ಗ್ರಾಂನದಾ ಅಂತ ಕೇಳಿದ್ದೀರಿ. ಅದೇ ಪಾಸ್‌ಗೆ ಹೊರಟಾಗ ನಾನೂ ಅಡುಗೆಮನೆಯ ತಕ್ಕಡಿ ಮುಂದಿಟ್ಟುಕೊಂಡು ಕೂತಿದ್ದೆ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ ಗಿರಾಕಿ ನಾನು. ಸಿಕ್ಕಿದ್ದರಲ್ಲೇ ಹಗುರವಾದ ಟೈಟಾನಿಯಂ ಸ್ಟೌ ತರಿಸಿದೆ. ಮಡಚಿದರೆ ಮುಷ್ಟಿಯೊಳಗೆ ಅಡಗುತ್ತಿತ್ತು. ಅದಕ್ಕೆ ಹಾಕುವ ಗ್ಯಾಸ್ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಲು ಮಾತ್ರ ಒಂದು ಫೋನ್ ಮಾಡಲಿಲ್ಲ.

ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ಇಲ್ಲ. ರೈಲಿನಲ್ಲೂ ಅದೇ ಕಥೆ. ಅಷ್ಟು ನನಗೆ ಗೊತ್ತಿತ್ತು, ಮನಾಲಿಯಲ್ಲಿ ಕೊಂಡರಾಯಿತು ಅಂದುಕೊಂಡಿದ್ದೆ. ಸೀಸನ್ ಜೋರಾಗಿತ್ತು, ನಾವು ಸಂಜೆ ಇಳಿದೆವು, ಬೆಳಿಗ್ಗೆಯೇ ನಡಿಗೆ ಶುರುವಾಗುವ ಜೋಬ್ರಾಕ್ಕೆ ಗಾಡಿ. ನನ್ನ ಸ್ಟೌಗೆ ಬೇಕಾದ, ಬಾಯಲ್ಲಿ ಥ್ರೆಡ್ (ತಿರುಪಿನ ಗೆರೆ) ಇರುವ ಗಿಡ್ಡ ಡಬ್ಬಿ ನಾವು ಹೊಕ್ಕ ಯಾವ ಅಂಗಡಿಯಲ್ಲೂ ಉಳಿದಿರಲಿಲ್ಲ. ಇದ್ದದ್ದು ಉದ್ದನೆಯ ಬ್ಯೂಟೇನ್ ಡಬ್ಬಿ, ಟೇಬಲ್ ಮೇಲಿಟ್ಟು ಅಡುಗೆ ಮಾಡುವ ಸ್ಟೌಗೆ ಹಾಕುವಂಥದ್ದು. ಅದಕ್ಕೆ ಥ್ರೆಡ್ ಇರುವುದಿಲ್ಲ. ಮೂರು ಕಾಲಿನ ಒಂದು ಅಡಾಪ್ಟರ್ ಸಿಕ್ಕಿತು. ಒಂದು ಕಡೆ ಡಬ್ಬಿ ಸಿಕ್ಕಿಸಿ ಮಲಗಿಸುವುದು, ಮೇಲ್ಗಡೆ ಸ್ಟೌ ತಿರುಗಿಸಿ ಕೂರಿಸುವುದು. ಸರಿಯಾಯ್ತಲ್ಲ ಅಂತ ತಗೊಂಡು ಹೊರಟೆವು.

ಈಗ ಸ್ವಲ್ಪ ತಾಳ್ಮೆಯಿಂದ ಓದಿ, ನಾನು ಕೈ ಸುಟ್ಟುಕೊಂಡದ್ದು ಇಲ್ಲಿ. ಆ ಉದ್ದ ಡಬ್ಬಿಯ ಬಾಯಿಯ ಸುತ್ತ ಒಂದು ಲೋಹದ ಅಂಚಿರುತ್ತದೆ. ಅದರಲ್ಲಿ ಒಂದೇ ಒಂದು ಕಡೆ ಸಣ್ಣ ಕಚ್ಚು. ಡಬ್ಬಿಯೊಳಗೆ ಬಗ್ಗಿದ ಒಂದು ಕೊಳವೆ ಇದೆ, ಅದರ ತುದಿ ಆ ಕಚ್ಚಿನ ದಿಕ್ಕಿಗೇ ತಿರುಗಿರುತ್ತದೆ. ಡಬ್ಬಿ ಮಲಗಿಸಿದಾಗ ಕಚ್ಚು ಮೇಲಿದ್ದರೆ ಕೊಳವೆಯ ತುದಿಯೂ ಮೇಲೆ, ಆವಿಯಾದ ಗ್ಯಾಸ್ ಇರುವ ಕಡೆ. ಕಚ್ಚು ಕೆಳಗಾದರೆ ತುದಿ ದ್ರವದಲ್ಲಿ ಮುಳುಗುತ್ತದೆ. ಆಗ ಸ್ಟೌಗೆ ಬರುವುದು ಗ್ಯಾಸ್ ಅಲ್ಲ, ದ್ರವ ಬ್ಯೂಟೇನ್. ಆವಿಗೆಂದು ಮಾಡಿದ ಪುಟ್ಟ ಬರ್ನರ್ ಅದನ್ನು ತಡೆಯಲಾರದು. ಟೇಬಲ್ ಸ್ಟೌನಲ್ಲಿ ಡಬ್ಬಿ ಕೂರುವ ಜಾಗವೇ ಕಚ್ಚನ್ನು ಸರಿಯಾದ ಕಡೆ ಹಿಡಿಯುತ್ತದೆ. ನನ್ನ ಅಡಾಪ್ಟರ್‌ನಲ್ಲಿ ಡಬ್ಬಿ ಹೇಗೆ ತಿರುಗಿಸಿದರೂ ಕೂರುತ್ತಿತ್ತು. ಕಚ್ಚು ಇದೆ ಅನ್ನುವುದನ್ನೇ ನಾನು ಗಮನಿಸಿರಲಿಲ್ಲ.

ಪಾಸ್‌ಗೆ ಮೊದಲು ಟೆಂಟ್ ಹಾಕುವ ಜಾಗ ಬಾಲು ಕಾ ಘೇರಾದಲ್ಲಿ ಮಳೆ ಹಿಡಿಯಿತು. ಟೆಂಟಿನ ಮುಂಬಾಗಿಲ ಪರದೆಯ ಕೆಳಗೇ ಸ್ಟೌ ಹಚ್ಚಿದೆ. ಮೊದಲು ಎರಡು ಸಲ ಪುಸ್ ಪುಸ್ ಅಂದಿತು. ಆಮೇಲೆ ಹಳದಿ ಬೆಂಕಿ ಭಗ್ಗನೆ ಎದ್ದು ಪಾತ್ರೆಯನ್ನೂ ದಾಟಿ ಪರದೆಗೆ ತಾಗಿತು. ನೈಲಾನ್ ಹೊತ್ತಿಕೊಂಡು ಉರಿಯಲಿಲ್ಲ, ಕರಗಿ ಹನಿಹನಿಯಾಗಿ ತೊಟ್ಟಿಕ್ಕಿತು. ಒಂದು ಹನಿ ನನ್ನ ಮುಂಗೈ ಮೇಲೆ ಬಿತ್ತು. ಗೆಳೆಯ ನಾಬ್ ತಿರುಗಿಸಿ ಆರಿಸುವಷ್ಟರಲ್ಲಿ ಅವನ ಒಂದು ಹುಬ್ಬು ಅರ್ಧ ಹೋಗಿತ್ತು. ಪರದೆಯಲ್ಲಿ ತಲೆ ತೂರಿಸುವಷ್ಟು ತೂತು. ರಾತ್ರಿಯಿಡೀ ನೀರು ಒಳಗೆ. ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ಹಿಂಡಿ, ಪಾಸ್ ಹತ್ತದೆ ಬಂದ ದಾರಿಯಲ್ಲೇ ವಾಪಸ್.

ಅಂದಹಾಗೆ, ಕಚ್ಚು ಸರಿಯಾಗಿದ್ದರೂ ಬರೀ ಬ್ಯೂಟೇನ್ ಅಲ್ಲಿನ ಮುಂಜಾವಿಗೆ ಒಳ್ಳೆಯದಲ್ಲ. ಸಮುದ್ರಮಟ್ಟದಲ್ಲಿ ಅದು ಕುದಿದು ಆವಿಯಾಗುವುದು ಮೈನಸ್ 0.5 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದರೆ ಡಬ್ಬಿಯಿಂದ ಗ್ಯಾಸ್ ಹೊರಬರುವುದಿಲ್ಲ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸ್ವಲ್ಪ ಅನುಕೂಲ ಇದೆ ನಿಜ. ಆದರೆ ಗ್ಯಾಸ್ ಹೊರಬರುತ್ತಾ ಡಬ್ಬಿಯೇ ತಣ್ಣಗಾಗುತ್ತದೆ, ಉರಿ ಸೊರಗುತ್ತದೆ. ಐಸೊಬ್ಯೂಟೇನ್ ಮೈನಸ್ 11.7ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ ಆವಿಯಾಗುತ್ತವೆ. ಥ್ರೆಡ್ ಇರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇವು ಬೆರೆತಿರುತ್ತವೆ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೊಂಡು ಮಲಗಿ.

ಇನ್ನು ನಿಮ್ಮ ಪ್ರಶ್ನೆ. 25ಕ್ಕೂ 80ಕ್ಕೂ ಇರುವ ವ್ಯತ್ಯಾಸ ಒಂದು ಕೋಳಿಮೊಟ್ಟೆಯ ತೂಕ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪುಟಾಣಿ ಸ್ಟೌಗಳ ಕಾಲು ಚಿಕ್ಕದು, ಇಬ್ಬರಿಗೆ ಆಗುವಷ್ಟು ದೊಡ್ಡ ಪಾತ್ರೆ ಇಟ್ಟರೆ ಓಲಾಡುತ್ತದೆ. ಗಾಳಿ ಬಂದರೆ ಉರಿ ಪಕ್ಕಕ್ಕೆ ಹೋಗುತ್ತದೆ. 80 ಗ್ರಾಂನದೇ ತಗೊಳ್ಳಿ. ಗಾಳಿಗೆ ಕಲ್ಲಿನ ಮರೆ ಹಿಡಿಯಿರಿ. ಡಬ್ಬಿಯ ಸುತ್ತ ತಗಡು ಸುತ್ತಬೇಡಿ, ಬಿಸಿಯಾಗಿ ಸಿಡಿಯಬಹುದು. ಟೆಂಟಿನೊಳಗೆ ಹಚ್ಚಲೇಬೇಡಿ. ಬೆಂಕಿಯ ಭಯ ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇನ್ನೊಂದು ಕಡೆ. ಸ್ಪಿರಿಟ್ ಸ್ಟೌ ಯೋಚನೆ ಇದ್ದರೆ ಬಿಡಿ. ಬಿಸಿಲಿನಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ.

ತೂಕ ಇಳಿಸಲೇಬೇಕು ಅಂದರೆ ಅಡುಗೆ ಇಳಿಸಿ. 4,000 ಮೀಟರ್‌ನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಅನ್ನ ಬೇಯುವುದು ಕಷ್ಟ, ಬೇಳೆಯ ಮಾತೇ ಬೇಡ. ಗೊಜ್ಜವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಳ್ಳಿ. ತೆಳು ಅವಲಕ್ಕಿಗೆ ತಣ್ಣೀರೇ ಸಾಕು. ಸ್ಟೌ ಬರೀ ಕಾಫಿಗೆ ಮತ್ತು ರಾತ್ರಿಯ ಸೂಪಿಗೆ ಅಂತ ಇಟ್ಟುಕೊಂಡರೆ ಇಬ್ಬರಿಗೆ 230 ಗ್ರಾಂನ ಒಂದೇ ಡಬ್ಬಿ ಪಾಸ್ ದಾಟುವವರೆಗೆ ಬರುತ್ತದೆ.

ಹೊರಡುವ ಮೊದಲೇ ಮನಾಲಿಯ ಅಂಗಡಿಗೆ ಫೋನ್ ಮಾಡಿ ಥ್ರೆಡ್ ಇರುವ ಡಬ್ಬಿ ಎತ್ತಿಡಲು ಹೇಳಿ. ಮುಂಗಡ ಕೇಳಿದರೆ ಕೊಟ್ಟುಬಿಡಿ. ಹಳೆ ಸ್ಟೌ ಒಯ್ಯುವುದಾದರೆ ಚೆನ್ನಾಗಿ ತೊಳೆದು ಒಣಗಿಸಿ, ವಾಸನೆ ಬಂದರೆ ವಿಮಾನ ನಿಲ್ದಾಣದಲ್ಲಿ ತೆಗೆದಿಡಿಸುತ್ತಾರೆ. ಬೆಂಕಿಪೊಟ್ಟಣವನ್ನೂ ಮನಾಲಿಗೆ ಹೋಗಿಯೇ ಕೊಳ್ಳಿ. ಎರಡು ಕೊಳ್ಳಿ, ಒಂದು ಒದ್ದೆಯಾಗುತ್ತೆ.