ಕಲ್ಲಿಲ್ಲದ ಸಮಾಧಿಯ ಕಾಲ ಹೇಳುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ವಾರಮ್ ಪರ್ಸಿ ಎಂಬ ಪಾಳು ಹಳ್ಳಿ ನೋಡಿದೆವು. ಚರ್ಚಿನ ಅಂಗಳದಲ್ಲಿ ಕಂಡ ಕಲ್ಲುಗಳು ಇನ್ನೂರು ಮುನ್ನೂರು ವರ್ಷದವು. ಸಾವಿರ ವರ್ಷದ ಹಿಂದಿನವರೂ ಅಲ್ಲಿ ಮಣ್ಣಾಗಿದ್ದಾರೆ ಎನ್ನುತ್ತಾರಲ್ಲ, ಹೇಗೆ ಗೊತ್ತಾಯಿತು?

ಉತ್ತರ: ಅಗೆದು ನೋಡಿದ್ದರಿಂದ. ಮಾರಿಸ್ ಬೆರಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ತಂಡ 1950ರಿಂದ 1990ರವರೆಗೆ ಅಲ್ಲಿ ಉತ್ಖನನ ನಡೆಸಿತು. ಸಿಕ್ಕ ಅಸ್ಥಿಪಂಜರಗಳು 687. ಹಳ್ಳಿಯ ಜನ ಸಮಾಧಿಗೆ ಕಲ್ಲು ನೆಡಲು ತೊಡಗಿದ್ದೇ ಬಹುಮಟ್ಟಿಗೆ 17ನೇ ಶತಮಾನದಿಂದೀಚೆಗೆ. ಅದಕ್ಕೂ ಹಿಂದೆ ಮಣ್ಣಿನ ದಿಬ್ಬ, ಹೆಚ್ಚೆಂದರೆ ಒಂದು ಮರದ ಗುರುತು. ದಿಬ್ಬ ಕುಸಿದ ಮೇಲೆ ಅದೇ ಜಾಗದಲ್ಲಿ ಮತ್ತೊಂದು ಗುಂಡಿ ತೋಡುತ್ತಿದ್ದರು.

ಹಾಗಾಗಿ ಮೊದಲು ನೋಡಬೇಕಾದದ್ದು ಯಾವ ಗುಂಡಿ ಯಾವುದನ್ನು ಕಡಿದಿದೆ ಎಂಬುದನ್ನು. ಕಡಿಸಿಕೊಂಡದ್ದು ಹಳೆಯದು. ಗೋಡೆಯ ಪಾಯದ ಅಡಿ ಸಿಕ್ಕ ಸಮಾಧಿ ಆ ಗೋಡೆಗಿಂತ ಹಳೆಯದು. ಇದರಿಂದ ಹಿಂದುಮುಂದು ತಿಳಿಯುತ್ತದೆ, ಇಸವಿ ತಿಳಿಯುವುದಿಲ್ಲ. ಕ್ರೈಸ್ತರು ಹೆಣಕ್ಕೆ ಬಟ್ಟೆ ಸುತ್ತಿ, ತಲೆ ಪಶ್ಚಿಮಕ್ಕಿಟ್ಟು ಹೂಳುತ್ತಿದ್ದರು. ಗಡಿಗೆ, ಒಡವೆ ಇಡುತ್ತಿರಲಿಲ್ಲವಾದ್ದರಿಂದ ವಸ್ತು ನೋಡಿ ಕಾಲ ಹೇಳುವಂತಿಲ್ಲ. ಇಸವಿಗೆ ಎಲುಬಿನ ರೇಡಿಯೋಕಾರ್ಬನ್ ಪರೀಕ್ಷೆಯೇ ಬೇಕು, ಅಂದರೆ ಸತ್ತ ಮೇಲೆ ನಿಧಾನವಾಗಿ ಕರಗುತ್ತ ಹೋಗುವ ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆಯುವುದು. ಅದೂ ಒಂದು ವ್ಯಾಪ್ತಿಯನ್ನಷ್ಟೇ ಕೊಡುತ್ತದೆ. ತಲೆಬುರುಡೆಗೆ ಏಟು ಬಿದ್ದು, ಮೂಳೆ ಕೊರೆದು ಚಿಕಿತ್ಸೆ ಮಾಡಿದ ಮೇಲೆ ಗಾಯ ಮಾಗಿ ಬದುಕಿದ ಗಂಡಸೊಬ್ಬನ ಕಾಲ 960ರಿಂದ 1100ರ ನಡುವೆ ಎಂದು ಬಂದಿದೆ. ಸಮುದ್ರದ ಮೀನು ಹೆಚ್ಚು ತಿಂದವರ ಎಲುಬು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ, ಕಡಲ ನೀರಿನಲ್ಲಿ ಹಳೆಯ ಇಂಗಾಲ ಸೇರಿರುವುದರಿಂದ. ಅದಕ್ಕೇ ಅವರ ಆಹಾರವನ್ನೂ ಎಲುಬಿನಿಂದಲೇ ಅಳೆದು ಲೆಕ್ಕ ಸರಿಪಡಿಸಬೇಕು. ಅಲ್ಲಿಯ ನೆಲ ಸುಣ್ಣಕಲ್ಲಿನದು, ಎಲುಬು ಉಳಿದದ್ದು ಅದರಿಂದ. ಆಮ್ಲೀಯ ಮಣ್ಣಾಗಿದ್ದರೆ ಕರಗಿ ಹೋಗುತ್ತಿತ್ತು.

ಪ್ರಶ್ನೆ: ಅಲ್ಲಿ ಮಕ್ಕಳ ಸಮಾಧಿಗಳೇ ಹೆಚ್ಚಂತೆ, ನಿಜವೇ?

ಉತ್ತರ: ಹೆಚ್ಚುಕಡಿಮೆ ಅರ್ಧ ಎನ್ನಬಹುದು. ಹದಿನಾಲ್ಕು ವರ್ಷದ ಮಗು ಈಗಿನ ಹತ್ತು ವರ್ಷದ ಮಗುವಿನಷ್ಟೇ ಎತ್ತರ ಇತ್ತು. ಹಲ್ಲು ಮೂಡಿದ ಹಂತದಿಂದ ವಯಸ್ಸು, ತೊಡೆಮೂಳೆಯ ಉದ್ದದಿಂದ ಎತ್ತರ ತಿಳಿದು ಎರಡನ್ನೂ ತಾಳೆ ನೋಡಿದಾಗ ಸಿಕ್ಕ ಲೆಕ್ಕ ಇದು. ಮಗು ತಾಯಿಯ ಹಾಲು ಕುಡಿಯುವಾಗ ಎಲುಬಿನಲ್ಲಿ ಭಾರವಾದ ಸಾರಜನಕದ ಪಾಲು ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಆ ಇಳಿತದಿಂದ ಸುಮಾರು ಒಂದೂವರೆ ವರ್ಷದವರೆಗೆ ಮೊಲೆಯುಣಿಸುತ್ತಿದ್ದರೆಂದು ಗೊತ್ತಾಗಿದೆ. ಹೆಸರೇ ಉಳಿಯದ ಆ ತಾಯಂದಿರ ಬಗ್ಗೆ ಇಷ್ಟಾದರೂ ತಿಳಿಯಿತಲ್ಲ ಎನಿಸುತ್ತದೆ.

ಪ್ರಶ್ನೆ: ಊರು ಪಾಳಾದ ಇಸವಿ ಸಿಕ್ಕರೆ ಕೊನೆಯ ಸಮಾಧಿಯ ಕಾಲವೂ ಸಿಕ್ಕಂತೆ ಅಲ್ಲವೇ? ಚರ್ಚಿನ ಪುಸ್ತಕಗಳಲ್ಲಿ ಏನಿರುತ್ತದೆ?

ಉತ್ತರ: ಇಲ್ಲ. ಕುರಿ ಮೇಯಿಸಲು ಜಾಗ ಬೇಕೆಂದು ವಾರಮ್ ಪರ್ಸಿಯ ಮನೆಗಳು ಖಾಲಿಯಾದದ್ದು ಸುಮಾರು 1500ರ ಹೊತ್ತಿಗೆ. ಆದರೂ ಪಕ್ಕದ ಥಿಕ್ಸೆಂಡೇಲಿನವರು ಅದೇ ಚರ್ಚಿಗೆ ಬರುತ್ತಿದ್ದರು. ಅವರಿಗೆ ಸ್ವಂತ ಚರ್ಚು ಆದದ್ದು 1870ರಲ್ಲಿ. ವಾರಮ್ ಪರ್ಸಿಯ ಚರ್ಚಿನಲ್ಲಿ ಕೊನೆಯ ಪೂಜೆ ನಡೆದದ್ದು 1949ರಲ್ಲಿ.

ಇಂಗ್ಲೆಂಡಿನಲ್ಲಿ ಸಮಾಧಿ ದಾಖಲೆ ಬರೆಯುವ ಆಜ್ಞೆ 1538ರದ್ದು. ಅದಕ್ಕಿಂತ ಹಿಂದಿನವರ ಹೆಸರು ಅಲ್ಲಿ ಹುಡುಕಬೇಡಿ. ಓದುವಾಗ ಒಂದು ಎಚ್ಚರ: 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1710ರ ನವೆಂಬರಿನಲ್ಲಿ ದೀಕ್ಷಾಸ್ನಾನವಾದ ಕೂಸನ್ನು ‘1710ರ ಫೆಬ್ರವರಿ’ಯಲ್ಲಿ ಹೂಳಿದರು ಎಂದಿದ್ದರೆ ಬರೆದವರು ತಪ್ಪಿಲ್ಲ, ನಮ್ಮ ಲೆಕ್ಕಕ್ಕೆ ಅದು 1711.

ಪ್ರಶ್ನೆ: ನಮ್ಮ ಕಡೆಯ ಹಳೆಯ ಇಂಗ್ಲಿಷರ ಸಮಾಧಿಯ ಅಕ್ಷರ ಸವೆದಿದೆ. ಆಸಿಡ್ ಹಾಕಿ ತೊಳೆಯಬಹುದೇ?

ಉತ್ತರ: ದಯವಿಟ್ಟು ಬೇಡ. ತಂತಿ ಬ್ರಷ್, ಸೀಮೆಸುಣ್ಣ, ಹಿಟ್ಟು ಯಾವುದೂ ಬೇಡ. ಕಲ್ಲುಹೂವನ್ನು ಕೆರೆದರೆ ಅಕ್ಷರದ ಅಂಚೂ ಜೊತೆಗೇ ಏಳುತ್ತದೆ. ಸಂಜೆ ಹೊತ್ತಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಲ್ಲಿ ಹಿಡಿಯಿರಿ, ಕೊರೆದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಮೂರು ಫೋಟೋ ತೆಗೆಯಿರಿ, ಕ್ಯಾಮೆರಾ ಮಾತ್ರ ನೇರ ಎದುರಿಗಿರಲಿ. ಸಿಕ್ಕ ಹೆಸರು, ಇಸವಿಯನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿನ ಚರ್ಚ್ ಪುಸ್ತಕಗಳೊಂದಿಗೆ ಹೋಲಿಸಿ. ಹಳೆಯ ಮೈಸೂರು ಸೀಮೆಯ ದಂಡು ಪ್ರದೇಶಗಳಿಗೆ ಮದ್ರಾಸಿನ ‘ಎನ್/2’ ಸರಣಿ, ಬೆಳಗಾವಿ, ಧಾರವಾಡಗಳಿಗೆ ಬಾಂಬೆಯ ‘ಎನ್/3’. ಪಾದ್ರಿ ಇಲ್ಲದ ಊರಿನ ಸಾವು ಹತ್ತಿರದ ದಂಡಿನ ಹೆಸರಲ್ಲಿ ದಾಖಲಾಗಿರುವುದುಂಟು, ಅದನ್ನೂ ನೋಡಿ.