ಶಾಲೆಯ ಮಾಡಿನ ನೀರು

ಪ್ರಶ್ನೆ: ನಮ್ಮೂರಿನ ಶಾಲೆಯ ಬಾವಿ ಏಪ್ರಿಲ್‌ಗೆ ಮುಂಚೆಯೇ ಬತ್ತುತ್ತದೆ. ಶಾಲೆಯನ್ನು ಪರಿಸರಸ್ನೇಹಿಯಾಗಿಸಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೊದಲು ಏನು ಮಾಡಬೇಕು?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮಾಡಿನ, ಅಂದರೆ ಛಾವಣಿಯ, ನೀರನ್ನು ಹಿಡಿಯಿರಿ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ ಕಾಣುವ ಶಿರಸಿ ಸೀಮೆಯಲ್ಲಿ 100 ಚದರ ಮೀಟರಿನ ಹೆಂಚಿನ ಮಾಡಿನಿಂದ, ಐದನೇ ಒಂದು ಪಾಲು ಪೋಲಾದರೂ, 2 ಲಕ್ಷ ಲೀಟರ್ ದೊರೆಯುತ್ತದೆ. ಮಳೆಯ ಅಳತೆಯನ್ನು ಮಕ್ಕಳಿಂದಲೇ ದಿನವೂ ಕರಿಹಲಗೆಯ ಮೂಲೆಯಲ್ಲಿ ಬರೆಸಿ. 1983ರಲ್ಲಿ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿ ಉಳಿಸಿದ ತಾಲ್ಲೂಕಿನ ಮಕ್ಕಳಿಗೆ ನೀರಿನ ಲೆಕ್ಕವೂ ತಿಳಿದಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದದ್ದನ್ನು ಜಲ್ಲಿ, ಇದ್ದಿಲು, ಮರಳಿನಲ್ಲಿ ಸೋಸಿ ತೊಟ್ಟಿಗೆ ತುಂಬಿಸಿ. ಹೆಚ್ಚಾದದ್ದು ಬಾವಿಗಿಂತ ಎತ್ತರದ ಜಾಗದಲ್ಲಿ ತೋಡಿದ ಇಂಗುಗುಂಡಿಗೆ ಹೋಗಲಿ. ಆದರೆ ಶಾಲೆ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿದ್ದರೆ ಇಂಗುಗುಂಡಿ ಖಂಡಿತ ಬೇಡ, ನೀರು ಕುಡಿದ ಮಣ್ಣು ಕುಸಿಯುತ್ತದೆ.